ನನ್ನ ನಿಜವಾದ ಹವ್ಯಾಸ



ಹೋದ ವರ್ಷ ಇದೇ ಗೋಡೆಪತ್ರಿಕೆಯಲ್ಲಿ ‘ನನ್ನ ಹವ್ಯಾಸ’ ಎಂಬ ಲೇಖನ ಬರೆದಿದ್ದೆ. ನನ್ನ ಹವ್ಯಾಸ ಅಂಚೆಚೀಟಿ ಸಂಗ್ರಹ ಎಂದು ಬರೆದದ್ದು ನಿಮಗೆ ನೆನಪಿರಬಹುದು. ಅದು ಸುಳ್ಳು. ನನ್ನ ಹತ್ತಿರ ಇದ್ದದ್ದು ಒಟ್ಟು ಏಳು ಅಂಚೆಚೀಟಿ. ಅದರಲ್ಲೂ ನಾಲ್ಕು ಒಂದೇ ಥರದ್ದು. ಪ್ರಬಂಧದ ಪುಸ್ತಕದಲ್ಲಿ ಹವ್ಯಾಸ ಅಂದರೆ ಅಂಚೆಚೀಟಿ, ನಾಣ್ಯ, ತೋಟಗಾರಿಕೆ, ಓದು ಅಂತ ಇತ್ತು. ಅದನ್ನು ನೋಡಿ ಬರೆದೆ. ಟೀಚರ್ ಕೆಂಪು ಇಂಕಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದರು. ನನಗೇನೂ ಖುಷಿಯಾಗಲಿಲ್ಲ.

ನನ್ನ ನಿಜವಾದ ಹವ್ಯಾಸ ಬಟ್ಟೆ ಹೊಲಿಯುವುದು. ದಿನಾ ಹಾಕುವ ಅಂಗಿ ಚಡ್ಡಿ ಅಲ್ಲ. ಹಬ್ಬಕ್ಕೆ, ಮದುವೆಗೆ, ನಾಟಕಕ್ಕೆ ಹಾಕುವ ಬಟ್ಟೆ. ಈ ಸಲದ ವಾರ್ಷಿಕೋತ್ಸವದಲ್ಲಿ ಕೆಳದಿ ಚೆನ್ನಮ್ಮನ ನಾಟಕ ಆಯ್ತಲ್ಲ, ಅದರ ವೇಷದ ಬಟ್ಟೆ ಎಲ್ಲಾ ನಮ್ಮ ಅಮ್ಮ ಹೊಲಿದದ್ದು ಎಂದು ಮೈಕಿನಲ್ಲಿ ಹೇಳಿದರು. ಅಮ್ಮ ಹೊಲಿದದ್ದು ಒಂದು ರವಿಕೆಯ ಕುತ್ತಿಗೆ ಮಾತ್ರ. ಉಳಿದದ್ದು ಹೊಲಿದವನು ನಾನು. ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ಮುಂದೆ ಓದಿ.

ನಮ್ಮ ಮನೆಯಲ್ಲಿ ಒಂದು ಕಾಲು ಮೆಶಿನ್ ಇದೆ. ಅಮ್ಮ ಊರಿನವರಿಗೆ ಬ್ಲೌಸ್ ಹೊಲಿದು ಕೊಡುತ್ತಾಳೆ, ಸೀರೆಗೆ ಫಾಲ್ಸ್ ಹಾಕುತ್ತಾಳೆ. ನಮ್ಮ ಕಡೆ ಮಳೆ ಹಿಡಿಯಿತು ಅಂದರೆ ಮೂರು ತಿಂಗಳು ಹೊರಗೆ ಆಟ ಇಲ್ಲ, ಕರೆಂಟೂ ಇಲ್ಲ. ಕಾಲು ಮೆಶಿನ್‌ಗೆ ಕರೆಂಟು ಬೇಡ. ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಕಾಲು ಪೆಡಲ್‌ಗೆ ಎಟುಕಿತು. ಮೊದಲು ದಾರ ಹಾಕದೆ ಹಳೇ ನೋಟ್ ಪುಸ್ತಕದ ಹಾಳೆಯ ಗೆರೆ ಮೇಲೆ ಹೊಲಿಯುವುದನ್ನು ಕಲಿತೆ. ಸೂಜಿ ಗೆರೆ ಬಿಟ್ಟು ಹೋದರೆ ತೂತು ಕಾಣುತ್ತದೆ, ಸುಳ್ಳು ಹೇಳುವ ಹಾಗಿಲ್ಲ. ಅಮ್ಮ ಹೇಳಿಕೊಟ್ಟದ್ದು ಒಂದೇ ಮಾತು. “ಬಟ್ಟೆ ಎಳೀಬೇಡ ತಮಾ. ಅದೇ ಹೋಗ್ತದೆ. ನೀನು ದಾರಿ ತೋರ್ಸು ಸಾಕು.” ಮೇಲಿನ ದಾರ ಬಿಗಿಯಾದರೆ ಹೊಲಿಗೆ ಸುಕ್ಕು ಹಿಡಿಯುತ್ತದೆ, ಬಾಬಿನ್ ಕೇಸಿನಲ್ಲಿ ಧೂಳು ಕೂತರೆ ಅಡಿ ದಾರ ಗಂಟು ಹಾಕುತ್ತದೆ. ಇವೆಲ್ಲ ಆಮೇಲೆ ನಾನೇ ಬೈಸಿಕೊಂಡು ಬೈಸಿಕೊಂಡು ಕಲಿತದ್ದು.

ಐದನೇ ಕ್ಲಾಸಿನಲ್ಲಿ ತಂಗಿಗೆ ದೀಪಾವಳಿಗೆ ಫ್ರಾಕ್ ಹೊಲಿದೆ. ಬಟ್ಟೆ ಮಡಿಚಿ ಕತ್ತರಿಸುವಾಗ ಕುತ್ತಿಗೆಗೆ ಅರ್ಧ ಅಳತೆ ಹಾಕಬೇಕು, ಬಿಡಿಸಿದಾಗ ಅದು ಎರಡರಷ್ಟಾಗುತ್ತದೆ. ನಾನು ಪೂರ್ತಿ ಅಳತೆ ಹಾಕಿದೆ. ತಂಗಿ ಕುತ್ತಿಗೆಯಿಂದಲೇ ಕಾಲು ಹಾಕಿ ಹೊರಗೆ ಬರಬಹುದಿತ್ತು. ಅವಳು ಅತ್ತಳು. ಉಳಿದ ಬಟ್ಟೆಯನ್ನು ನೆರಿಗೆ ಹಿಡಿದು ಕುತ್ತಿಗೆ ಸುತ್ತ ಪಟ್ಟಿ ಕೊಟ್ಟೆ. ಹಬ್ಬದ ದಿನ ಪಕ್ಕದ ಮನೆಯವರು, “ಎಷ್ಟು ಚಂದ ಇದೆ ನೆರಿಗೆ, ಯಾವ ಅಂಗಡೀದು?” ಎಂದು ಕೇಳಿದರು. ತಂಗಿ ಬಾಯಿ ಬಿಡುವ ಮೊದಲು ಅವಳ ಕೈ ಚಿವುಟಿದೆ.

ಯಾಕೆಂದರೆ ನನಗೆ ಹೆದರಿಕೆ ಇತ್ತು. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ನನ್ನ ಅಂಗಿಗೆ ಗುಲಾಬಿ ದಾರ ಅಂಟಿಕೊಂಡಿತ್ತು. ಅದನ್ನು ನೋಡಿ ಒಬ್ಬ ನನ್ನನ್ನು ‘ಟೈಲರಕ್ಕ’ ಎಂದು ಕರೆದ. ಅವನು ಯಾರು ಅಂತ ಬರೆಯುವುದಿಲ್ಲ, ಅವನಿಗೆ ಗೊತ್ತು. ಆ ಹೆಸರು ಒಂದು ತಿಂಗಳು ಇತ್ತು. ಅಂದಿನಿಂದ ಯಾರಾದರೂ ಗೇಟು ತೆಗೆದ ಸದ್ದು ಕೇಳಿದರೆ ಮೆಶಿನ್ ಮೇಲೆ ಗಣಿತ ಪುಸ್ತಕ ಇಟ್ಟು ಕೂರುತ್ತಿದ್ದೆ. ನೀವು ಕ್ರಿಕೆಟ್ಟಿಗೆ ಕರೆಯಲು ಬಂದಾಗ ನಾನು ಯಾವಾಗಲೂ ಲೆಕ್ಕ ಮಾಡುತ್ತಿದ್ದದ್ದು ಇದಕ್ಕೇ. ಅಷ್ಟು ಲೆಕ್ಕ ಮಾಡಿದ್ದರೆ ಗಣಿತದಲ್ಲಿ ಅಷ್ಟು ಕಡಿಮೆ ನಂಬರ್ ಬರುತ್ತಿತ್ತಾ?

ನನಗೆ ಅರ್ಥವಾಗದ ಒಂದು ವಿಷಯ ಇದೆ. ಪೇಟೆಯ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಯುವವರೆಲ್ಲ ಗಂಡಸರೇ. ಅವರಿಗೆ ಯಾರೂ ನಗುವುದಿಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವವರು ಗಂಡಸರು, ಸೀರೆ ಉಟ್ಟು ಜಡೆ ಹಾಕಿ ಬಂದರೆ ನಾವೇ ಚಪ್ಪಾಳೆ ಹೊಡೆಯುತ್ತೇವೆ. ಮನೆಯಲ್ಲಿ ಕೂತು ಹೊಲಿದರೆ ಮಾತ್ರ ನಗು. ಇದನ್ನು ಅಪ್ಪಯ್ಯನ ಹತ್ತಿರ ಕೇಳಬೇಕು ಅಂತ ಅಂದುಕೊಂಡಿದ್ದೆ, ಕೇಳಲಿಲ್ಲ.

ಈಗ ನಾಟಕದ ವಿಷಯ. ನವೆಂಬರಿನಲ್ಲಿ ಕನ್ನಡ ಟೀಚರ್, “ಈ ವರ್ಷ ನಮ್ಮ ನೆಲದ ಕಥೆಯೇ ಆಡೋಣ” ಎಂದರು. ನಗರದ ಕೋಟೆಗೆ ನಾವೆಲ್ಲ ಹೋಗಿದ್ದೇವೆ. ಅಲ್ಲಿ ಕೋಟೆ ಹತ್ತಿ ಇಳಿದು ಅವಲಕ್ಕಿ ತಿಂದು ಬಂದದ್ದು ಬಿಟ್ಟರೆ ನನಗೆ ಹೆಚ್ಚು ಗೊತ್ತಿರಲಿಲ್ಲ. ಸಮಾಜದ ಮೇಷ್ಟ್ರು ಹೇಳಿದರು. ಕೆಳದಿ ಅರಸರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಆ ಬಿದನೂರೇ ನಮ್ಮ ನಗರ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್ ನಗರ ಆಯ್ತು, ಆಮೇಲೆ ಬರೀ ನಗರ. ಚೆನ್ನಮ್ಮ ಇಲ್ಲಿಂದ ಸುಮಾರು 25 ವರ್ಷ ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟಳು. ಅವನು ಇಲ್ಲಿಂದ ದಾಟಿ ಜಿಂಜಿ ಕೋಟೆಗೆ ಹೋದ. ಅಷ್ಟು ದೊಡ್ಡ ಬಾದಶಹ ಸಿಟ್ಟಾಗುತ್ತಾನೆ ಎಂದು ಗೊತ್ತಿದ್ದೂ ಕೊಟ್ಟಳು. ಅದೇ ನಾಟಕದ ದೊಡ್ಡ ದೃಶ್ಯ.

ವೇಷದ ಬಟ್ಟೆ ಬಾಡಿಗೆಗೆ ತರಲು ಮೇಷ್ಟ್ರು ಪೇಟೆಯ ಒಂದು ಅಂಗಡಿಗೆ ಹೋಗಿದ್ದರು. ಅಲ್ಲಿ ಚೆನ್ನಮ್ಮ ಎಂದರೆ ಕಿತ್ತೂರು ಚೆನ್ನಮ್ಮನ ಸೆಟ್ ತೆಗೆದು ಕೊಟ್ಟರಂತೆ. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಮಾಡಿದ್ದು ಆ ಚೆನ್ನಮ್ಮನ ಪಾತ್ರ. ಅವಳು ಬ್ರಿಟಿಷರ ಜೊತೆ ಯುದ್ಧ ಮಾಡಿದ್ದು 1824ರಲ್ಲಿ. ನಮ್ಮ ಚೆನ್ನಮ್ಮ ಅವಳಿಗಿಂತ ನೂರು ವರ್ಷಕ್ಕೂ ಹಿಂದಿನವಳು, ಊರೂ ಬೇರೆ. “ಚೆನ್ನಮ್ಮ ಅಂದ್ರೆ ಚೆನ್ನಮ್ಮನೇ ಅಲ್ವಾ ಸಾರ್” ಎಂದರಂತೆ. ಅದಕ್ಕಿಂತ ಹೆಚ್ಚಾಗಿ ಬಾಡಿಗೆ ಶಾಲೆಯ ಕೈಗೆ ಎಟುಕುವ ಹಾಗೆ ಇರಲಿಲ್ಲ. ಆಗ ಟೀಚರ್ ನಮ್ಮ ಮನೆಗೆ ಬಂದು ಅಮ್ಮನನ್ನು ಕೇಳಿದರು. ಅಮ್ಮ, “ಆಯ್ತು ಟೀಚರ್, ಮಾಡಿ ಕೊಡ್ತೀನಿ” ಎಂದಳು. ಆ ಹೊತ್ತಿನಲ್ಲಿ ಅವಳಿಗೆ ಕೊನೆ ಕೊಯ್ಲು ನೆನಪಿಗೆ ಬರಲಿಲ್ಲ.

ಅಡಿಕೆ ಕೊಯ್ಲು ಶುರುವಾದ ಮೇಲೆ ಅಮ್ಮ ಸಂಜೆ ಸುಲಿಯಲು ಹೋದರೆ ಬರುವುದು ರಾತ್ರಿ ಹತ್ತು ಗಂಟೆಗೆ. ಬೆರಳೆಲ್ಲ ಚೊಗರಿನಿಂದ ಕಪ್ಪು. ಆ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟಿದರೆ ಕಲೆ ಹೋಗುವುದಿಲ್ಲ. ಎರಡು ವಾರ ಬಟ್ಟೆ ಕಟ್ಟು ಹಾಗೇ ಇತ್ತು. ಒಂದು ರಾತ್ರಿ ಅವಳು ಮೆಶಿನ್ ಮುಂದೆ ಕೂತಲ್ಲೇ ತೂಕಡಿಸಿದಳು. ಮರುದಿನದಿಂದ ನಾನು ಹೊಲಿಯಲು ಶುರು ಮಾಡಿದೆ.

ಅಳತೆ ತೆಗೆಯುವುದೇ ಮೊದಲ ಕಷ್ಟ. ಚೆನ್ನಮ್ಮ ಆಗುವವಳು ನಮ್ಮ ಕ್ಲಾಸಿನವಳು. ನಾನು ಟೇಪು ಹಿಡಿದು ಅವಳ ಮುಂದೆ ನಿಲ್ಲುವುದು ಉಂಟೇ? ಅಮ್ಮ ಅವರ ಮನೆಯಿಂದ ಅಳತೆಗೆ ಒಂದು ಯೂನಿಫಾರಂ ಅಂಗಿ ತರಿಸಿದಳು. ಅದನ್ನು ನೆಲದ ಮೇಲೆ ಹಾಸಿ ಚಾಕಿನಲ್ಲಿ ಗುರುತು ಮಾಡಿದೆ. (ನಿನ್ನ ಅಂಗಿ ಕಂಕುಳ ಹತ್ತಿರ ಬಿಟ್ಟಿತ್ತು. ಹೊಲಿದೇ ವಾಪಸು ಕಳಿಸಿದ್ದೆ. ಗೊತ್ತಾಗಲಿಲ್ಲ ಅಲ್ಲವಾ?)

ಎರಡನೆಯದು, ಆ ಕಾಲದವರು ಎಂಥ ಬಟ್ಟೆ ಹಾಕುತ್ತಿದ್ದರು ಎಂಬುದು. ಪ್ರವಾಸಕ್ಕೆ ಇಕ್ಕೇರಿಗೆ ಹೋದಾಗ ಅಘೋರೇಶ್ವರ ದೇವಸ್ಥಾನದ ನೆಲದಲ್ಲಿ ಕೆಳದಿ ಅರಸರು ಅಡ್ಡಬಿದ್ದ ಹಾಗೆ ಕೆತ್ತಿದ್ದು ನೋಡಿದ್ದೆವಲ್ಲ. ಅದನ್ನು ನೆನಪು ಮಾಡಿಕೊಂಡೆ. ಅಡ್ಡಬಿದ್ದವರನ್ನು ನೋಡಿ ನಿಂತವರ ಬಟ್ಟೆ ಹೊಲಿಯುವುದು ಹೇಗೆ! ಕೊನೆಗೆ ಸಮಾಜದ ಮೇಷ್ಟ್ರೇ ದಾರಿ ಹೇಳಿದರು. 1623ರಲ್ಲಿ, ವೆಂಕಟಪ್ಪ ನಾಯಕನ ಕಾಲದಲ್ಲಿ, ಪಿಯೆತ್ರೋ ಡೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಇಕ್ಕೇರಿಗೆ ಬಂದಿದ್ದನಂತೆ. ಬೀದಿಯಲ್ಲಿ ಹುಡುಗಿಯರು ಕೋಲಾಟ ಆಡುತ್ತಿದ್ದುದನ್ನು ನೋಡಿ ಬರೆದಿಟ್ಟಿದ್ದಾನೆ. ಸೊಂಟದಿಂದ ಕೆಳಗೆ ಚಿತ್ತಾರದ ರೇಷ್ಮೆ, ಹೆಗಲ ಮೇಲೆ ಅದೇ ಥರದ ಒಂದು ವಸ್ತ್ರ, ತಲೆಯ ಮೇಲೆ ಹಳದಿ ಬಿಳಿ ಹೂವಿನಿಂದ ಮಾಡಿದ ಎತ್ತರದ ಕಿರೀಟ, ಕೈಯಲ್ಲಿ ಬಣ್ಣದ ಗಿಡ್ಡ ಕೋಲು. ಅದು ಚೆನ್ನಮ್ಮನಿಗಿಂತ ಸುಮಾರು ಅರವತ್ತು ವರ್ಷ ಹಿಂದಿನ ಮಾತು, ಆದರೂ ಸಿನಿಮಾಕ್ಕಿಂತ ಹತ್ತಿರ. ಇಟಲಿಯಿಂದ ಬಂದವನೊಬ್ಬ ನಮ್ಮ ಸಾಗರದ ಪಕ್ಕ ನಿಂತು ಹುಡುಗಿಯರ ಬಟ್ಟೆ ನೋಡಿ ಬರೆದಿಟ್ಟ. ಅವನಿಗೆ ಯಾರೂ ‘ಟೈಲರಕ್ಕ’ ಎನ್ನಲಿಲ್ಲ.

ಹಾಗಾಗಿ ನಾಟಕದ ಮೊದಲಿಗೆ ಕೋಲಾಟ ಬಂತು. ಹುಡುಗಿಯರ ಹೂವಿನ ಕಿರೀಟಕ್ಕೆ ರಟ್ಟು ಹಾಕಿ ನೋಡಿದೆ, ಹೂವಿನ ನೀರು ತಾಗಿ ಮೆತ್ತಗಾಯ್ತು. ಆಗ ಅಡಿಕೆ ಹಾಳೆ ಹೊಳೆಯಿತು. ಹಾಳೆಯನ್ನು ಹಾಗೇ ಬಗ್ಗಿಸಿದರೆ ಸೀಳುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಬಗ್ಗಿಸಿ, ಚೊಂಬಿನ ಸುತ್ತ ಕಟ್ಟಿ ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ತಲೆಯಷ್ಟು ದೊಡ್ಡ ಚೊಂಬು ಇರಲಿಲ್ಲ, ಕಡೆಗೆ ಬಚ್ಚಲಿನ ತಾಮ್ರದ ಕೊಡ ತಂದೆ. ಮೆಶಿನ್ನಿನಲ್ಲಿ ಹಾಳೆ ಹೊಲಿಯಲು ಹೋಗಿ ಎರಡು ಸೂಜಿ ಮುರಿದೆ. ಆಮೇಲೆ ಗೋಣಿ ಹೊಲಿಯುವ ದಬ್ಬಣದಲ್ಲಿ ಕೈಯಲ್ಲೇ ಹೊಲಿದೆ. ಸೇವಂತಿಗೆಯನ್ನು ಬಾಳೆ ನಾರಿನಲ್ಲಿ ಕಟ್ಟಿ ಏರಿಸಿದ್ದು ಹುಡುಗಿಯರೇ. ಚೆನ್ನಮ್ಮನ ಚಿನ್ನದ ಸೊಂಟಪಟ್ಟಿ ಅಂತ ನೀವೆಲ್ಲ ಮುಟ್ಟಿ ನೋಡಿದಿರಲ್ಲ, ಅದೂ ಹಾಳೆಯೇ. ಮೇಲೆ ಹಳೇ ಸೀರೆಯ ಜರಿ ಅಂಚು.

ರಾಜಾರಾಮನದು ದೊಡ್ಡ ಗಲಾಟೆ. ಅವನು ವೇಷ ಮರೆಸಿಕೊಂಡು, ಲಿಂಗಾಯತ ಯಾತ್ರಿಕರ ಹಾಗೆ ಬಂದನಂತೆ. ಅಂದರೆ ಕಾವಿ ಬಟ್ಟೆ ಸಾಕು, ಖರ್ಚಿಲ್ಲ. ಆದರೆ ರಾಜಾರಾಮ ಆದವನು, “ನಾನು ಶಿವಾಜಿ ಮಗ, ನಂಗೆ ಪೇಟ ಬೇಕು, ಜರಿ ಬೇಕು” ಎಂದು ಟೀಚರ್ ಹತ್ತಿರ ಮುಖ ಊದಿಸಿಕೊಂಡ. ಪೇಟ ಕಟ್ಟಿಕೊಂಡು ಬಂದರೆ ಬಾದಶಹನ ಸೈನ್ಯ ದಾರಿಯಲ್ಲೇ ಹಿಡಿಯುವುದಿಲ್ಲವಾ ಮಾರಾಯ? ಅವನಿಗೆ ಅಪ್ಪಯ್ಯನ ಹಳೇ ಪಂಚೆಯನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಕೊಟ್ಟೆ. ಬಣ್ಣ ನಿಲ್ಲಲಿಲ್ಲ. ಅವನು ಕೂತ ಬೆಂಚೆಲ್ಲ ಕೆಂಪಾಗಿ, ಹೆಡ್‌ಮಾಸ್ಟ್ರ ಬಿಳಿ ಪ್ಯಾಂಟಿಗೂ ಆಯ್ತು. ಆ ಕಲೆ ಎಲ್ಲಿಂದ ಬಂತು ಎಂದು ಅವರು ಈಗ ಇಲ್ಲಿ ಓದುತ್ತಿದ್ದರೆ, ತಪ್ಪಾಯ್ತು ಸಾರ್. ಸೈನಿಕರದ್ದು ಹೇಳುವಂಥದ್ದೇನಿಲ್ಲ, ಗೋಣಿಚೀಲಕ್ಕೆ ಮೂರು ತೂತು.

ಉಳಿದದ್ದು ಚೆನ್ನಮ್ಮನ ಸೀರೆ. ಅದನ್ನು ಬರೆಯುವುದು ಕಷ್ಟ.

ರಾಣಿಯ ಸೀರೆ ಎಂದರೆ ರೇಷ್ಮೆ ಇರಬೇಕು. ನಮ್ಮ ಮನೆಯಲ್ಲಿದ್ದ ರೇಷ್ಮೆ ಎಂದರೆ ಅಜ್ಜಿಯ ಧಾರೆ ಸೀರೆ ಒಂದೇ. ಕುಂಕುಮದ ಬಣ್ಣ, ಬೆರಳುದ್ದದ ಜರಿ ಅಂಚು. ಅದು ಟ್ರಂಕಿನ ಅಡಿಯಲ್ಲಿ ನುಸಿಗುಳಿಗೆ ಹಾಕಿ ಇರುತ್ತಿತ್ತು. ನಾನು ಕೇಳಲು ನಾಲ್ಕು ದಿನ ಹಿಂದೆ ಮುಂದೆ ನೋಡಿದೆ. ಕೇಳಿದಾಗ ಅಜ್ಜಿ, “ಕತ್ತರಿ ಮುಟ್ಟಿಸ್ಬಾರ್ದು ನೋಡು” ಎಂದಳು. ಅಷ್ಟೇ. ನಾನು ಮೆಶಿನ್ ಮೇಲೆ ಕೈ ಇಟ್ಟು ಆಣೆ ಮಾಡಿದೆ.

ಕಚ್ಚೆ ಉಡಿಸಿದರೆ ಚೆನ್ನಮ್ಮ ವೇದಿಕೆ ಮೇಲೆ ಬಿರಬಿರನೆ ನಡೆಯಬಹುದು. ಆದರೆ ಪ್ರತಿ ಸಲ ಕಚ್ಚೆ ಉಡಿಸಲು ಯಾರಿಗೆ ಪುರುಸೊತ್ತು? ಅದಕ್ಕೆ ನೆರಿಗೆಯೆಲ್ಲ ಮೊದಲೇ ಹಿಡಿದು, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಸೊಂಟಕ್ಕೆ ಲಾಡಿ ಕೊಟ್ಟು, ಪಾಯಿಜಾಮದ ಹಾಗೆ ಕಾಲು ಹಾಕಿ ಏರಿಸುವ ಹಾಗೆ ಮಾಡಬೇಕು. ಆಮೇಲೆ ದಾರ ಬಿಚ್ಚಿದರೆ ಸೀರೆ ಹೇಗಿತ್ತೋ ಹಾಗೇ. ಹನ್ನೆರಡು ಮೊಳದ ಸೀರೆ ಪೂರ್ತಿ ಕಚ್ಚೆಗೇ ಮುಗಿದು ಸೆರಗು ಉಳಿಯಲಿಲ್ಲ. ಆಗ ಆ ಇಟಲಿಯವನು ನೆನಪಾದ. ಹೆಗಲಿಗೆ ಬೇರೆ ವಸ್ತ್ರ! ಅಮ್ಮನ ಹಸಿರು ದುಪಟ್ಟಾಕ್ಕೆ ಜರಿ ಕೊಟ್ಟು ಹೆಗಲಿಗೆ ಹಾಕಿದೆ. ರೇಷ್ಮೆಗೆ ದಪ್ಪ ಸೂಜಿ ಹಾಕಿದರೆ ಎಳೆ ಎದ್ದು ಬರುತ್ತದೆ ಎಂದು ಪೇಟೆಯಿಂದ 11ನೇ ನಂಬರ್ ಸೂಜಿ ತರಿಸಿದ್ದೆ. ಎಲ್ಲ ಸರಿಯಾಗಿ ಮಾಡಿದ್ದೆ.

ನಾಟಕಕ್ಕೆ ಎರಡು ದಿನ ಇತ್ತು. ಕೊನೆಯ ನೆರಿಗೆ ನೇರ ಮಾಡೋಣ ಎಂದು ಎರಡು ಕೈಯಲ್ಲಿ ಮೆಲ್ಲಗೆ ಎಳೆದೆ. ಚರ್ರ್ ಅಂತು. ಒಂದೂವರೆ ಗೇಣು ಉದ್ದ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರ. ಎಷ್ಟೋ ವರ್ಷದಿಂದ ಮಡಿಚಿಟ್ಟ ಗೆರೆಯ ಮೇಲೇ ಹರಿದಿತ್ತು.

ಅಮ್ಮ ಸುಲಿಯಲು ಹೋಗಿದ್ದಳು. ಅಜ್ಜಿ ಒಲೆ ಮುಂದೆ ಇದ್ದಳು. ಹರಿದದ್ದು ನೆರಿಗೆಯ ಒಳಮಗ್ಗುಲಿಗೆ ಹೋಗುವ ಜಾಗ. ಹೇಳದೇ ಇದ್ದರೆ ಯಾರಿಗೂ ಕಾಣುವುದಿಲ್ಲ, ನಾಟಕ ಮುಗಿದ ಮೇಲೆ ಮಡಿಚಿ ಟ್ರಂಕಿನಲ್ಲಿಟ್ಟರೆ ಇನ್ನು ಹತ್ತು ವರ್ಷ ಗೊತ್ತಾಗುವುದಿಲ್ಲ. ಇದನ್ನು ನಾನು ಯೋಚನೆ ಮಾಡಿದ್ದು ನಿಜ. ತುಂಬಾ ಹೊತ್ತು ಯೋಚನೆ ಮಾಡಿದೆ. ಆಮೇಲೆ ಕಾಲು ಅದಾಗಿಯೇ ಒಳಗೆ ಹೋಯಿತು.

ಅಜ್ಜಿ ಸೀರೆಯನ್ನು ಬೆಳಕಿಗೆ ಹಿಡಿದಳು. ಹರಿದಲ್ಲಿ ಬೆರಳು ತೂರಿಸಿ ನೋಡಿದಳು. “ನಮ್ಮಪ್ಪ ಒಂದು ಜೊತೆ ಹೋರಿ ಮಾರಿ ತಂದಿದ್ದ” ಎಂದಳು. “ಮೂರು ಸರ್ತಿ ಉಟ್ಟಿದೀನಿ. ವರ್ಷಕ್ಕೊಂದು ಸರ್ತಿ ಬಿಸ್ಲಿಗೆ ಹಾಕಿ ಮಡಿಕೆ ಬದ್ಲಿಸ್ಬೇಕಿತ್ತು. ಇಟ್ಟೂ ಇಟ್ಟೂ ನಾನೇ ಹರಿಸ್ದೆ.” ನಾನು ಅಳುತ್ತಿದ್ದೆ. “ಕತ್ತರಿ ಮುಟ್ಸಿಲ್ಲ ಅಲ್ದನಾ?” ಎಂದು ಕೇಳಿದಳು. ಇಲ್ಲ ಎಂದೆ. “ಮತ್ತೆ ಎಂತಕ್ಕೆ ಅಳ್ತೀಯ, ದಾರ ತಗಂಡು ಬಾ.”

ಅಜ್ಜಿ ಹಾಗೆ ಹೇಳಿದಳು. ಆದರೆ ಆ ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ. ಅದನ್ನೂ ಬರೆಯುತ್ತಿದ್ದೇನೆ.

ಹೊರಗಿನ ದಾರ ಹಾಕಿದರೆ ಬಣ್ಣ ಬೇರೆ ಕಾಣುತ್ತದೆ ಎಂದು ಅಜ್ಜಿ ಸೀರೆಯ ತುದಿಯಿಂದಲೇ ಎಳೆ ಕಿತ್ತು ಕೊಟ್ಟಳು. ಹಿಂದೆ ಮೆತ್ತನೆ ಹಳೇ ಹತ್ತಿ ಬಟ್ಟೆ ಇಟ್ಟು, ಕೈಯಲ್ಲಿ, ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ ಹಾಕಿ ಹೊಲಿದೆ. ಅಮ್ಮ ಬಂದಾಗ ಅಜ್ಜಿ ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಅಮ್ಮ ಏನೂ ಕೇಳದೆ ಕೈ ತೊಳೆದು ಬಂದು ದಾರ ಪೋಣಿಸಿ ಕೊಟ್ಟಳು. ಮುಗಿಯುವಾಗ ಎಷ್ಟು ಗಂಟೆ ಎಂದು ನೋಡಲಿಲ್ಲ. ಬಸ್ಸಿನ ದಿನ ಬಿಟ್ಟರೆ ನಾನು ಅಷ್ಟು ಹೊತ್ತು ಎಚ್ಚರ ಇದ್ದದ್ದು ಅದೇ ಮೊದಲು.

ನಾಟಕ ನೀವೇ ನೋಡಿದ್ದೀರಿ. ಚೆನ್ನಮ್ಮ ಸಿಂಹಾಸನದಿಂದ ಎದ್ದು ಬಂದು ರಾಜಾರಾಮನಿಗೆ ಅಭಯ ಕೊಡುವಾಗ ನೀವೆಲ್ಲ ಅವಳ ಮುಖ ನೋಡುತ್ತಿದ್ದಿರಿ. ನಾನು ಪರದೆಯ ಸಂದಿಯಿಂದ ಎಡಗಾಲಿನ ಮೂರನೇ ನೆರಿಗೆ ನೋಡುತ್ತಿದ್ದೆ. ಅವಳು ಕಾಲು ಎತ್ತಿ ಇಟ್ಟಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಹರಿದ ಹಾಗಾಗುತ್ತಿತ್ತು. ಹೊಲಿಗೆ ನಿಂತಿತು. ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಸೀರೆ ರಾಣಿಯಾಗಿ ಓಡಾಡುವುದನ್ನು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ದೂರದಿಂದ ಗೊತ್ತಾಗಲಿಲ್ಲ.

ಕೊನೆಗೆ ಹೆಡ್‌ಮಾಸ್ಟ್ರು ಮೈಕಿನಲ್ಲಿ ಅಮ್ಮನ ಹೆಸರು ಹೇಳಿ ಕರೆದು ಹೂವು, ತೆಂಗಿನಕಾಯಿ ಕೊಟ್ಟರು. ಅಮ್ಮ ಮೈಕಿನ ಕಡೆ ಬಗ್ಗಿ ಏನೋ ಹೇಳಲು ಹೋದಳು. ನನಗೆ ಗೊತ್ತಾಯ್ತು. ನಾನು ಪರದೆ ಹತ್ತಿರ ನಿಂತು ಬೇಡ ಬೇಡ ಎಂದು ಕೈ ಆಡಿಸಿದೆ. ಅಮ್ಮ ಸುಮ್ಮನೆ ಕೈಮುಗಿದು ಕೆಳಗೆ ಬಂದಳು. ಮನೆಗೆ ಹೋಗುವ ದಾರಿಯಲ್ಲಿ ಅವಳು ಮಾತಾಡಲಿಲ್ಲ. ಆ ತೆಂಗಿನಕಾಯಿ ನನ್ನ ಕೈಗೆ ಕೊಟ್ಟು, “ಇದು ನಂದಲ್ಲ. ನೀನೇ ಹೊತ್ಕ” ಎಂದಳು. ಅಪ್ಪಯ್ಯ ಹಿಂದೆ ಬರುತ್ತಿದ್ದರು. ಅವರಿಗೆ ಅದು ಕೇಳಿಸಿತು.

ಮರುದಿನ ನಾನೂ ಅಜ್ಜಿಯೂ ಜಗಲಿಯಲ್ಲಿ ಕೂತು ಕಚ್ಚಾ ಹೊಲಿಗೆ ಎಲ್ಲ ಬಿಚ್ಚಿದೆವು. ಸೀರೆಯನ್ನು ಅಜ್ಜಿ ಮತ್ತೆ ಮಡಿಚಲಿಲ್ಲ. ಹಳೇ ಪಂಚೆಯ ಜೊತೆ ಬಿದಿರಿನ ಕೋಲಿಗೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ. ಒಳಗೆ ಬಂದು ನೋಡಿದರೆ ಮೆಶಿನ್ ಮೇಲೆ ಅಪ್ಪಯ್ಯ ತೋಟಕ್ಕೆ ಹಾಕಿಕೊಂಡು ಹೋಗುವ ಖಾಕಿ ಅಂಗಿ ಇತ್ತು. ಜೇಬು ಹರಿದಿತ್ತು. ಅಮ್ಮ ಇಟ್ಟದ್ದಾ ಎಂದು ಕೇಳಿದೆ. “ನಾನಲ್ಲ. ಅವರೇ ಇಟ್ಟು ಹೋದ್ರು. ನಿನ್ನ ಹತ್ರ ಕೊಡು ಅಂದ್ರು” ಎಂದಳು.

ಟೀಚರ್ ಎರಡು ಹಾಳೆಯಲ್ಲಿ ಬರೆಯಲು ಹೇಳಿದ್ದರು, ಇದು ಆರನೇ ಹಾಳೆ. ಗೋಡೆಯಲ್ಲಿ ಜಾಗ ಸಾಲದಿದ್ದರೆ ಹೋದ ವರ್ಷದ ಅಂಚೆಚೀಟಿ ಲೇಖನ ಇನ್ನೂ ಮೂಲೆಯಲ್ಲಿದೆ, ಅದನ್ನು ಕಿತ್ತುಹಾಕಿ. ಯಾರದ್ದಾದರೂ ಯೂನಿಫಾರಂ ಗುಂಡಿ ಹೋಗಿದ್ದರೆ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ. ‘ಟೈಲರಕ್ಕ’ ಎಂದವನೂ ಬರಬಹುದು, ಅವನ ಅಂಗಿಯಲ್ಲಿ ಎರಡು ಗುಂಡಿ ಇಲ್ಲ. ಗುಂಡಿ ನೀವೇ ತರಬೇಕು.

— ಏಳನೇ ತರಗತಿ